ಎರಡನೇ ಸಲ ಬಿಗಿಯಾದ ಉಂಗುರ

ಕೊರೊನಾ ಗಲಾಟೆ ಮುಗಿದು ಮದುವೆ, ಗೃಹಪ್ರವೇಶಗಳು ಮತ್ತೆ ಜೋರಾಗಿ ಶುರುವಾದ ವರ್ಷ ಅದು. ಶ್ರೀರಂಗಪಟ್ಟಣದ ಪೇಟೆ ಬೀದಿಯಲ್ಲಿ ನನ್ನದೊಂದು ಚಿನ್ನ ಬೆಳ್ಳಿ ಕೆಲಸದ ಪುಟ್ಟ ಅಂಗಡಿಯಿದೆ. ನಮ್ಮ ಮೂಲ ನಾಗಮಂಗಲ. ತಾತ ಅಲ್ಲಿ ಹಿತ್ತಾಳೆ ಕೆಲಸ ಮಾಡಿಕೊಂಡಿದ್ದರು. ಅಪ್ಪ ಚಿನ್ನಕ್ಕೆ ಕೈ ಹಾಕಿ ಇತ್ತ ಬಂದರು, ನಾನು ಅದನ್ನೇ ಮುಂದುವರಿಸಿದೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಅನುಮಾನದ ಮನುಷ್ಯ. ದೇವರು ಪ್ರತ್ಯಕ್ಷನಾದರೂ ನೀವು ಅವನ ಕಿರೀಟವನ್ನು ಒರೆಗಲ್ಲಿಗೆ ಉಜ್ಜಿ ನೋಡುವವರೇ ಎಂದು ನನ್ನ ಹೆಂಡತಿ ಹಂಗಿಸುತ್ತಾಳೆ. ಏನು ಮಾಡಲಿ, ಕಸುಬು ಅಂಥದ್ದು. ಬಂದ ಚಿನ್ನ ಕದ್ದದ್ದೋ, ತಾಮ್ರ ಬೆರೆತದ್ದೋ ಎಂದು ನಾವು ನೋಡುತ್ತೇವೆ. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂಬ ಗಾದೆಯನ್ನು ಬಾಯಿಪಾಠ ಮಾಡಿಕೊಂಡು ಬಂದ ಗಿರಾಕಿಗಳು ನಮ್ಮನ್ನು ನೋಡುತ್ತಾರೆ. ಕೆಲಸಕ್ಕೆ ಕೊಟ್ಟು ಹೋಗುವವರು ಬಹಳ ಕಡಿಮೆ. ಉಳಿದವರು ಎದುರಿನ ಬೆಂಚಿನ ಮೇಲೆ ಕೂತು ಕೆಲಸ ಮುಗಿಯುವವರೆಗೂ ನನ್ನ ಕೈಯಿಂದ ಕಣ್ಣು ಕೀಳುವುದಿಲ್ಲ.

ಹಾಗೆ ಕಣ್ಣು ಕೀಳದವರಲ್ಲಿ ಜಯಮ್ಮನವರು ಮೊದಲಿಗರು. ಕಿರಂಗೂರಿನ ಆಚೆಗಿನ ಒಂದು ಹಳ್ಳಿಯವರು. ಕಬ್ಬಿನ ಗದ್ದೆ, ನಾಲ್ಕು ಸೀಮೆ ಹಸು, ಹಾಲಿನ ವ್ಯಾನ್ ಓಡಿಸುವ ಮಗ ಮಂಜು, ಹೊಸದಾಗಿ ಬಂದ ಸೊಸೆ ಪವಿತ್ರಾ. ಪವಿತ್ರಾಳ ತವರು ಕೆ.ಆರ್.ಪೇಟೆ ಕಡೆ. ಮಂಜುವಿನ ಮದುವೆಗೆ ಉಂಗುರ ಮಾಡಿಕೊಟ್ಟವನು ನಾನೇ.

ಸೊಸೆಗೆ ಆರನೇ ತಿಂಗಳು ದಾಟಿದಾಗ ಜಯಮ್ಮ ಅವಳನ್ನು ಕರೆದುಕೊಂಡು ಬಂದು, ಉಂಗುರ ಸ್ವಲ್ಪ ಬಿಗಿಯಾಗಿದೆ, ಹಿಗ್ಗಿಸಿಕೊಡಿ ಎಂದರು. ಬಸುರಿ ಹೆಂಗಸಿಗೆ ಸ್ವಲ್ಪ ಮೈ ಬರುವುದು ಸಹಜ. ಹೆರಿಗೆ ಆಗುವವರೆಗೆ ಬಿಚ್ಚಿಡಬಾರದೇ ಎಂದು ಕೇಳಿದೆ. ಬಸುರಿಯ ಮೈಯಿಂದ ಚಿನ್ನ ಇಳಿಸಬಾರದು ಎಂದು ಅವರು ಖಂಡಿತವಾಗಿ ಹೇಳಿದರು. ನನಗೇನು? ಸೋಪು ಹಚ್ಚಿ ತೆಗೆದು, ಹಿಗ್ಗಿಸಿ, ಮೆರುಗು ಕೊಟ್ಟು ಹಾಕಿಸಿದೆ. ಸಡಿಲವಾಗಿ ತಿರುಗುತ್ತಿತ್ತು. ಮುಂದಿನ ತಿಂಗಳುಗಳಿಗೂ ಸೇರಿಸಿಯೇ ಅಳತೆ ಬಿಟ್ಟಿದ್ದೆ.

ಇದಾಗಿ ಒಂದು ತಿಂಗಳಾಗಿತ್ತೇನೋ. ಮಧ್ಯಾಹ್ನ ಊಟ ಮಾಡಿ ಬಂದು ಕೂತಿದ್ದೆ. ಅತ್ತೆ ಸೊಸೆ ಇಬ್ಬರೂ ಆಟೋದಿಂದ ಇಳಿದರು. ಜಯಮ್ಮ ಮೆಟ್ಟಿಲು ಹತ್ತುತ್ತಲೇ ಶುರು ಮಾಡಿದರು.

“ಎಂತಾ ಕೆಲ್ಸ ಮಾಡಿದ್ದೀರಿ ಆಚಾರ್ರೆ? ತಿಂಗ್ಳು ತುಂಬ್ನಿಲ್ಲ, ಆಗ್ಲೇ ಉಂಗ್ರ ಬೆಳ್ಳಿಗೆ ಕಚ್ಕೊಂಡದೆ.”

ಬೆರಳಿಗೆ ಅವರು ಬೆಳ್ಳು ಎನ್ನುವುದು. ಹೊಸಬರಿಗೆ ಬೆಳ್ಳಿಯ ಮಾತಾಡುತ್ತಿದ್ದಾರೆ ಅನ್ನಿಸಬೇಕು.

ನನಗೆ ಆಗಲೇ ಅನುಮಾನ ಬಂತು. ಚಿನ್ನ ಎಂದಾದರೂ ತಾನಾಗಿಯೇ ಕುಗ್ಗುತ್ತದೆಯೇ? ಜಯಮ್ಮನ ಮಗಳಿಗೂ ಇದೇ ಮಾದರಿಯ ಉಂಗುರ ಮಾಡಿಕೊಟ್ಟಿದ್ದೆ. ಅದನ್ನೇ ಸೊಸೆಗೆ ಹಾಕಿ ತಂದು, ನೀನು ಸರಿಯಾಗಿ ಮಾಡಿಲ್ಲ ಎಂದು ನನ್ನ ತಲೆಗೆ ಕಟ್ಟುವ ಉಪಾಯ ಇರಬಹುದು ಎಂದುಕೊಂಡೆ. ಇಂಥವನ್ನು ಎಷ್ಟು ನೋಡಿಲ್ಲ.

ಉಂಗುರ ಸೋಪಿಗೆ ಜಗ್ಗಲಿಲ್ಲ. ಎರಡೂ ಕಡೆ ಚರ್ಮ ಉಬ್ಬಿ, ಉಂಗುರ ಹಳ್ಳದಲ್ಲಿ ಕೂತಿತ್ತು. ಕೊಬ್ಬರಿ ಎಣ್ಣೆ ಸವರಿ, ಬೆರಳಿಗೆ ದಾರ ಒತ್ತಾಗಿ ಸುತ್ತಿ, ನಿಧಾನವಾಗಿ ಜಾರಿಸಿ ಹೊರಗೆ ತಂದೆ. ಅಷ್ಟು ಹೊತ್ತು ಅವಳ ಮುಂಗೈ ಹಿಡಿದಿದ್ದೆನಲ್ಲ, ಕೈ ಬಿಟ್ಟ ಮೇಲೆ ನೋಡಿದರೆ ನನ್ನ ಹೆಬ್ಬೆರಳಿನ ಗುಳಿ ಅಲ್ಲಿಯೇ ಉಳಿದಿತ್ತು, ಕಲಸಿದ ಹಿಟ್ಟಿನ ಮೇಲೆ ಒತ್ತಿದ ಹಾಗೆ. ಅದರ ಬಗ್ಗೆ ಆಗ ಹೆಚ್ಚು ಯೋಚಿಸಲಿಲ್ಲ. ನನ್ನ ಗಮನವೆಲ್ಲ ಉಂಗುರದ ಮೇಲಿತ್ತು.

ಭೂತಗನ್ನಡಿ ಇಟ್ಟು ಒಳಸುತ್ತು ನೋಡಿದೆ. ನಾನು ಹಾಕುವ ಗುರುತು ಇತ್ತು. ತೂಗಿದೆ, ತೂಕ ಸರಿಯಿತ್ತು. ಅಳತೆಯ ಕೋಲಿಗೆ ಏರಿಸಿದೆ. ಹೋದ ಸಲ ಎಲ್ಲಿ ನಿಂತಿತ್ತೋ ಅಲ್ಲಿಯೇ ನಿಂತಿತು. ನಿಜ ಹೇಳಬೇಕೆಂದರೆ ಕಳ್ಳ ಸಿಗಲಿಲ್ಲವಲ್ಲ ಎಂದು ಸ್ವಲ್ಪ ಬೇಸರವೇ ಆಯಿತು. ಉಂಗುರ ಹಾಗೇ ಇದೆ, ನಿಮ್ಮ ಸೊಸೆಯ ಬೆರಳೇ ಊದಿರುವುದು ಎಂದು ಕೋಲನ್ನು ಜಯಮ್ಮನ ಮುಂದೆ ಹಿಡಿದೆ.

ಊದಿದರೆ ಏನೀಗ, ಗಂಡು ಕೂಸಿದ್ದರೆ ಮೈಗೆ ನೀರು ತುಂಬಿಕೊಳ್ಳುತ್ತದೆ, ಮಂಜು ಹೊಟ್ಟೆಯಲ್ಲಿದ್ದಾಗ ತನಗೂ ಕಾಲು ಹೀಗೇ ಆಗಿತ್ತು ಎಂದು ಅವರು ಹೆಮ್ಮೆಯಿಂದ ಹೇಳಿಕೊಂಡರು. ಅಷ್ಟರಲ್ಲಿ, ಅಲ್ಲಿಯವರೆಗೆ ತುಟಿ ಬಿಚ್ಚದೆ ಕೂತಿದ್ದ ಪವಿತ್ರಾ ಕೈಯನ್ನು ಕಣ್ಣಿಗೆ ಅಡ್ಡ ಹಿಡಿದಳು.

“ಅಣ್ಣ, ಆ ಬೆಂಕಿ ಆರ್ಸಿ. ಕಿಡಿ ಕಣ್ಣಿಗೇ ಒಡೀತದೆ.”

ನಾನು ಗ್ಯಾಸ್ ಬತ್ತಿ ಹಚ್ಚಿಯೇ ಇರಲಿಲ್ಲ. ಅಂಗಡಿಯಲ್ಲಿ ಆಗ ಬೆಂಕಿ ಎಂಬುದೇ ಇರಲಿಲ್ಲ. ದೇವರ ಪಟದ ಮುಂದಿನ ದೀಪ ಕೂಡ ಬೆಳಿಗ್ಗೆಯೇ ಆರಿತ್ತು.

ಕೆಲ ಕಾಲದ ಹಿಂದೆ ಪಾಂಡವಪುರದಲ್ಲಿ ನನ್ನ ಸ್ನೇಹಿತನೊಬ್ಬನ ಅಂಗಡಿಗೆ ಇಬ್ಬರು ಹೆಂಗಸರು ಬಂದಿದ್ದರು. ಒಬ್ಬಳು ತಲೆ ಸುತ್ತಿದವಳಂತೆ ಬಿದ್ದಳು. ಅವನು ನೀರು ತರಲು ಎದ್ದ. ಬರುವಷ್ಟರಲ್ಲಿ ಸರವೂ ಇಲ್ಲ, ಹೆಂಗಸರೂ ಇಲ್ಲ. ನನಗೆ ಅದೇ ನೆನಪಾಗಿ, ಮೊದಲು ಮುಂದಿದ್ದ ತಟ್ಟೆಯನ್ನು ಡ್ರಾಯರಿಗೆ ತಳ್ಳಿ ಬೀಗ ಹಾಕಿದೆ. ಆಮೇಲೆ ಅವಳ ಮುಖ ನೋಡಿದೆ. ರೆಪ್ಪೆಗಳು ದಪ್ಪಗಾಗಿದ್ದವು. ಏನೂ ಇಲ್ಲದ ಮೂಲೆಯನ್ನು ನೋಡುತ್ತ ಕಣ್ಣು ಕಿರಿದು ಮಾಡುತ್ತಿದ್ದಳು. ಇನ್ನೊಂದು ಕೈಯಲ್ಲಿ ಪಕ್ಕೆಯ ಕೆಳಗೆ ಒತ್ತಿ ಹಿಡಿದಿದ್ದಳು. ಏನಾಗುತ್ತಿದೆ ಎಂದು ಕೇಳಿದೆ. ತಲೆ ಸಿಡಿಯುತ್ತಿದೆ, ಎದೆಯ ಕೆಳಗೆ ಉರಿಯುತ್ತಿದೆ ಎಂದಳು. ಇದು ನಾಟಕ ಅಲ್ಲ ಎಂದು ಗೊತ್ತಾಯಿತು.

ಈಗ ನನ್ನ ಅನುಮಾನ ಜಯಮ್ಮನ ಮೇಲೆ ತಿರುಗಿತು. ಏನು ತಿನ್ನಿಸುತ್ತಿದ್ದೀರಿ ಎಂದು ನೇರವಾಗಿ ಕೇಳಿದೆ. “ನಾನೇನ್ ಇಸ ಆಕಿವ್ನಾ?” ಎಂದು ಅವರು ಕೆರಳಿದರು. ಅನ್ನ, ಗಂಜಿ, ಮೆತ್ತಗಿನ ಇಡ್ಲಿ, ಎಲ್ಲ ಬೆಳ್ಳಗಿರುವುದನ್ನೇ ಕೊಡುತ್ತಿದ್ದಾರಂತೆ. ಮುದ್ದೆ ಕೊಡುವುದಿಲ್ಲವಂತೆ. ರಾಗಿ ತಿಂದರೆ ಮಗು ಕಪ್ಪಾಗುತ್ತದಂತೆ. ಹಾಲು ಕುಡಿದರೆ ಅವಳೇ ಕಕ್ಕುತ್ತಾಳೆ, ಹಾಗಾಗಿ ಕರೆದದ್ದೆಲ್ಲ ಡೈರಿಗೆ. ಮುದ್ದೆ ಉಂಡೇ ನಾವೆಲ್ಲ ಬೆಳೆದ ಸೀಮೆಯಲ್ಲಿ ಒಂದು ಬಸುರಿ ಹೆಣ್ಣಿಗೆ ಮುದ್ದೆಯೂ ಇಲ್ಲ, ಹಾಲೂ ಇಲ್ಲ. ನನಗೆ ರೇಗಿಹೋಯಿತು.

ಆದರೆ ನಾನು ಅಂಗಡಿ ಮುಚ್ಚಿದ್ದು ದಯೆಯಿಂದ ಎಂದು ಯಾರೂ ತಿಳಿಯಬೇಡಿ. ಈ ಹುಡುಗಿ ಇಲ್ಲಿಯೇ ಬಿದ್ದು ಏನಾದರೂ ಆದರೆ, ಆಚಾರಿ ಚಿನ್ನ ತೊಳೆಯುವ ಆಸಿಡ್ ಹೊಗೆ ಕುಡಿಸಿ ಕೊಂದ ಎಂದು ಸಂಜೆಯೊಳಗೆ ಪೇಟೆ ತುಂಬ ಸುದ್ದಿಯಾಗುತ್ತದೆ ಎಂಬ ಭಯ. ಶಟರ್ ಎಳೆದು ಆಸ್ಪತ್ರೆಗೆ ನಡೆಯಿರಿ ಎಂದೆ. ಜಯಮ್ಮ ಒಪ್ಪಲಿಲ್ಲ. ಇದು ಹೊಟ್ಟೆಯ ಗ್ಯಾಸು, ಮನೆಗೆ ಹೋಗಿ ಮಜ್ಜಿಗೆ ಕುಡಿದು ಮಲಗಿದರೆ ಸರಿಹೋಗುತ್ತದೆ, ಆಸ್ಪತ್ರೆಯವರು ಹೊಟ್ಟೆ ಕೊಯ್ಯುವುದಕ್ಕೇ ಕಾಯುತ್ತಿರುತ್ತಾರೆ ಎಂದು ಹಟ ಹಿಡಿದರು. ಹೇಳಿ ಹೇಳಿ ಸಾಕಾಯಿತು. ಕೊನೆಗೆ ಉಂಗುರವನ್ನು ನನ್ನ ಜೇಬಿಗೆ ಹಾಕಿಕೊಂಡೆ.

“ಉಂಗ್ರ ಬೇಕಾದ್ರೆ ಆಸ್ಪತ್ರೇಲಿ ಕೊಡ್ತೀನಿ. ಬರೋದಾದ್ರೆ ಬನ್ನಿ” ಎಂದೆ.

ಜಯಮ್ಮ ಆಟೋ ಹತ್ತಿದರು. ಅವರಿಗೆ ನನ್ನ ಜೇಬಿನಿಂದ ದೂರ ಇರುವುದು ಸಾಧ್ಯವಿರಲಿಲ್ಲ.

ಆಸ್ಪತ್ರೆಯಲ್ಲಿ ನರ್ಸ್ ತೋಳಿಗೆ ಪಟ್ಟಿ ಕಟ್ಟಿ ಬಿ.ಪಿ. ನೋಡಿದರು. ಇನ್ನೊಂದು ತೋಳಿಗೆ ಕಟ್ಟಿ ಮತ್ತೆ ನೋಡಿದರು. ಏನೂ ಹೇಳದೆ ಬಿರಬಿರನೆ ಒಳಗೆ ಹೋದರು. ಏನೂ ಹೇಳದೆ ಹೋಗುವವರನ್ನು ಕಂಡರೆ ನನಗೆ ಆಗುವುದಿಲ್ಲ. ಆಮೇಲೆ ಡಾಕ್ಟರಮ್ಮ ಬಂದರು, ಇನ್ನೂ ಚಿಕ್ಕ ವಯಸ್ಸು. ಮೂತ್ರ ಪರೀಕ್ಷೆ ಮಾಡಿಸಿ, ರಕ್ತದೊತ್ತಡ ಬಹಳ ಏರಿದೆ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆ, ಇದಕ್ಕೆ ಪ್ರಿಎಕ್ಲಾಂಪ್ಸಿಯಾ ಎನ್ನುತ್ತಾರೆ, ಯಾವ ಗಳಿಗೆಯಲ್ಲಾದರೂ ಫಿಟ್ಸ್ ಬರಬಹುದು, ಬಂದರೆ ತಾಯಿ ಮಗು ಇಬ್ಬರಿಗೂ ಅಪಾಯ ಎಂದರು. ಕಣ್ಣಿಗೆ ಕಂಡ ಕಿಡಿ, ಪಕ್ಕೆಯ ಕೆಳಗಿನ ನೋವು ಎಲ್ಲ ಅದರದೇ ಸೂಚನೆಯಂತೆ. ಮೊದಲು ಫಿಟ್ಸ್ ತಡೆಯುವ ಇಂಜೆಕ್ಷನ್, ಆಮೇಲೆ ಆಪರೇಷನ್ ಮಾಡಿ ಬೇಗ ಹೆರಿಗೆ ಮಾಡಿಸಬೇಕು, ಬೇರೆ ದಾರಿಯಿಲ್ಲ ಎಂದರು.

ಅಷ್ಟು ಹೊತ್ತಿಗೆ ಮಂಜು ಓಡಿಬಂದ. ಅಮ್ಮನಿಂದ ಅರ್ಧ ಮಾತು ಕೇಳಿಸಿಕೊಂಡವನೇ ನನ್ನ ಅಂಗಿ ಹಿಡಿದ. “ಬೆಳಿಗ್ಗೆ ಚೆನ್ನಾಗಿದ್ಲು ಕಣಯ್ಯ. ನಿನ್ ಅಂಗ್ಡೀಲಿ ಏನ್ ವಾಸ್ನೆ ಕುಡಿಸ್ದೆ?” ಎಂದು ಕೇಳಿದ. ನಾನು ಹೆದರಿದ್ದು ಇದಕ್ಕೇ. ಅಲ್ಲಿದ್ದವರು ಬಿಡಿಸಿದರು.

ಒಳಗಿನಿಂದ ಪವಿತ್ರಾ ಕೂಗುವುದು ಕೇಳಿಸಿತು. ಮೈಯೆಲ್ಲ ಉರಿ, ಒಳಗೆ ಬೆಂಕಿ ಹಾಕಿದ್ದಾರೆ ಎನ್ನುತ್ತಿದ್ದಳು. ಮಂಜು ನುಗ್ಗಲು ಹೋದ. ನರ್ಸ್ ತಡೆದು, ಮೆಗ್ನೀಷಿಯಂ ಕೊಟ್ಟಿದ್ದೇವೆ, ಮೊದಲು ಹಾಗೆ ಬಿಸಿಯೆನಿಸುತ್ತದೆ, ಹೆದರಬೇಡಿ ಎಂದರು.

ಮೆಗ್ನೀಷಿಯಂ ಎಂದ ಕೂಡಲೇ ನನ್ನ ಕಿವಿ ನಿಮಿರಿತು. ನನಗೆ ಗೊತ್ತಿರುವ ಮೆಗ್ನೀಷಿಯಂ ಒಂದು ಲೋಹ. ಹೈಸ್ಕೂಲಿನಲ್ಲಿ ಮೇಷ್ಟ್ರು ಅದರ ಪಟ್ಟಿಯನ್ನು ಉರಿಸಿ ತೋರಿಸಿದ್ದರು, ಕಣ್ಣು ಕೋರೈಸುವ ಬಿಳಿ ಬೆಂಕಿ. ಅದನ್ನು ಬಸುರಿಯ ರಕ್ತಕ್ಕೆ ಬಿಡುತ್ತಾರೆಯೇ? ಉರಿ ಅನ್ನದೆ ಅವಳು ಇನ್ನೇನು ಅಂದಾಳು? ಈಗ ನನಗೂ ಈ ಆಸ್ಪತ್ರೆಯ ಮೇಲೆ ಸಂಶಯ ಬಂತು. ಮಂಜುವಂತೂ ಇಲ್ಲಿ ಬೇಡ, ಬೇರೆ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ ಎಂದು ಕಾರಿಗೆ ಫೋನ್ ಮಾಡತೊಡಗಿದ. ಆಪರೇಷನ್ನಿಗೆ ಸಹಿ ಹಾಕುವುದಿಲ್ಲ ಎಂದ. ದಾರಿಯಲ್ಲಿ ಫಿಟ್ಸ್ ಬಂದರೆ ಯಾರೇನೂ ಮಾಡಲಾಗುವುದಿಲ್ಲ ಎಂದು ಡಾಕ್ಟರಮ್ಮ ಹೇಳಿ ನೋಡಿದರು. ಮೊದಲು ಹೆದರಿಸುತ್ತಾರೆ, ಆಮೇಲೆ ಕೊಯ್ಯುತ್ತಾರೆ ಎಂದು ಜಯಮ್ಮ ಮಗನ ಬೆನ್ನಿಗೆ ನಿಂತರು.

ನಾನು ಪರದೆಯ ಸಂದಿಯಲ್ಲಿ ನಿಂತು ಒಳಗೆ ನೋಡತೊಡಗಿದೆ. ಒಬ್ಬರ ಕೈಯನ್ನು ನೋಡುತ್ತ ನಿಲ್ಲುವುದು ಎಂದರೇನು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನರ್ಸ್ ಒಂದು ಚಿಕ್ಕ ರಬ್ಬರ್ ಸುತ್ತಿಗೆ ತೆಗೆದುಕೊಂಡು ಪವಿತ್ರಾಳ ಮಂಡಿಯ ಕೆಳಗೆ ತಟ್ಟಿದರು. ಕಾಲು ಚಿಮ್ಮಿತು. ಉಸಿರು ಎಣಿಸಿದರು. ಮಂಚದ ಕೆಳಗೆ ತೂಗುಹಾಕಿದ್ದ ಮೂತ್ರದ ಚೀಲ ನೋಡಿದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದೇ ಸುತ್ತಿಗೆ. ಪಕ್ಕದ ತಟ್ಟೆಯಲ್ಲಿ ಇನ್ನೊಂದು ಔಷಧಿಯ ಸೀಸೆಯನ್ನು ಸಿರಿಂಜಿನ ಸಮೇತ ತಯಾರಾಗಿ ಇಟ್ಟಿದ್ದರು. ಅದನ್ನು ಮಾತ್ರ ಮುಟ್ಟುತ್ತಿರಲಿಲ್ಲ.

ನನಗೆ ತಡೆಯಲಾಗಲಿಲ್ಲ. ಹೊರಗೆ ಬಂದ ಡಾಕ್ಟರಮ್ಮನನ್ನು, ಉರಿಯುವ ಲೋಹವನ್ನು ರಕ್ತಕ್ಕೆ ಬಿಡುತ್ತೀರಾ, ಆ ಸುತ್ತಿಗೆ ಯಾಕೆ, ಆ ಸೀಸೆ ಯಾಕೆ ಎಂದು ಪೊಲೀಸಿನವನ ಹಾಗೆ ಕೇಳಿದೆ. ಆಯಮ್ಮ ಸಿಟ್ಟು ಮಾಡಿಕೊಳ್ಳಲಿಲ್ಲ. ಮೈಯಲ್ಲಿರುವ ಲವಣದ ಜಾತಿಯದೇ ಇದೂ, ನೀವು ಉರಿಸುವ ಲೋಹ ಅಲ್ಲ ಎಂದರು. ಫಿಟ್ಸ್ ತಡೆಯುವುದಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ, ಆದರೆ ಅಳತೆ ಮೀರಿದರೆ ಉಸಿರೇ ನಿಲ್ಲಬಹುದು. ಮೀರುವ ಮೊದಲು ಮಂಡಿ ತಟ್ಟಿದರೆ ಕಾಲು ಚಿಮ್ಮುವುದು ನಿಲ್ಲುತ್ತದೆ, ಅದಕ್ಕೇ ಸುತ್ತಿಗೆ. ಆ ಸೀಸೆಯಲ್ಲಿರುವುದು ಕ್ಯಾಲ್ಸಿಯಂ. ಮೆಗ್ನೀಷಿಯಂ ಹೆಚ್ಚಾಯಿತು ಅನ್ನಿಸಿದರೆ ಅದನ್ನು ಕೊಟ್ಟು ಇದರ ಜೋರು ಇಳಿಸುತ್ತೇವೆ ಎಂದು ಹೇಳಿ ಒಳಗೆ ಹೋದರು.

ನನ್ನ ಇಷ್ಟು ವರ್ಷದ ಅನುಮಾನ ಒಂದು ಕೆಲಸಕ್ಕೆ ಬಂದದ್ದು ಆಗಲೇ. ಫೋನ್ ಹಿಡಿದು ಓಡಾಡುತ್ತಿದ್ದ ಮಂಜುವಿನ ಹತ್ತಿರ ಹೋದೆ. ಅಂಗಿ ಹಿಡಿದವನು ಎಂಬ ಸಿಟ್ಟು ಇತ್ತು, ಆದರೂ ಹೋದೆ.

“ಮಂಜಪ್ಪ, ನಾನು ಯಾರ್ನೂ ನಂಬೋನಲ್ಲ, ಇಡೀ ಪೇಟೆಗೇ ಗೊತ್ತು. ನಾನ್ ನೋಡ್ದೆ ಕಣಪ್ಪ. ಕೈ ತಪ್ಪಿದ್ರೆ ಇರ್ಲಿ ಅಂತ ಅದ್ಕೆ ಮದ್ದ ಪಕ್ದಲ್ಲೇ ಇಟ್ಕೊಂಡವ್ರೆ. ಮೋಸ ಮಾಡೋನು ಇಂಗೆ ಮಾಡಲ್ಲ. ಸೈನ್ ಹಾಕು.”

ಅವನು ನನ್ನನ್ನೇ ನೋಡುತ್ತ ನಿಂತ. ಜಯಮ್ಮ ಬೇಡ ಕಣ್ಲಾ ಎನ್ನುತ್ತಲೇ ಇದ್ದರು. ಒಳಗೆ ಪವಿತ್ರಾ ಅವನ ಹೆಸರು ಹಿಡಿದು ಒಂದು ಸಲ ಕರೆದಳು. ಅವನು ಫೋನನ್ನು ಜೇಬಿಗೆ ಹಾಕಿ ಹೋಗಿ ಸಹಿ ಹಾಕಿದ.

ಸಂಜೆಯ ಹೊತ್ತಿಗೆ ಆಪರೇಷನ್ ಮಾಡಿ ಮಗು ತೆಗೆದರು. ಹೆಣ್ಣು ಮಗು. ತಿಂಗಳು ತುಂಬದ, ಅಂಗೈಯಗಲದ ಕೂಸು. ಅದನ್ನು ಬೆಚ್ಚಗಿಡುವ ಪೆಟ್ಟಿಗೆಯಲ್ಲಿಟ್ಟರು. ತಾಯಿಗೆ ಫಿಟ್ಸ್ ಬರಲಿಲ್ಲ. ಹೆರಿಗೆಯಾದ ಮೇಲೂ ಬರಬಹುದು ಎಂದು ಮಾರನೆಯ ದಿನದವರೆಗೂ ಅದೇ ಔಷಧಿ, ಅದೇ ಸುತ್ತಿಗೆ ನಡೆದವು.

ಅವತ್ತು ಆಪರೇಷನ್ ಮುಗಿಸಿ ಡಾಕ್ಟರಮ್ಮ ಹೊರಗೆ ಬಂದು ಬೆಂಚಿನ ಮೇಲೆ ಕೂತರು. ಊಟದ ವಿಷಯ ಕೇಳಿದರು, ಮುದ್ದೆ ಹಾಲು ಎರಡೂ ಇಲ್ಲದ್ದನ್ನು ನಾನೇ ಹೇಳಿದೆ. ಆಶಾ ಕಾರ್ಯಕರ್ತೆ ಕೊಟ್ಟ ಕ್ಯಾಲ್ಸಿಯಂ ಮಾತ್ರೆ ತೆಗೆದುಕೊಳ್ಳುತ್ತಿದ್ದಳೇ ಎಂದು ಕೇಳಿದರು. ಮಂಜು ಅಮ್ಮನ ಮುಖ ನೋಡಿದ. ಜಯಮ್ಮ ಮುಚ್ಚಿಡಲಿಲ್ಲ. ಅವು ಸುಣ್ಣದ ಮಾತ್ರೆ, ತಿಂದರೆ ಕೂಸಿನ ತಲೆ ಗಟ್ಟಿಯಾಗಿ ಹೆರಿಗೆ ಕಷ್ಟವಾಗುತ್ತದೆ, ಅದಕ್ಕೇ ಕೊಡಲಿಲ್ಲ ಎಂದರು. ಹಾಗಾದರೆ ಮಾತ್ರೆ ಏನು ಮಾಡಿದಿರಿ ಎಂದು ಡಾಕ್ಟರಮ್ಮ ಕೇಳಿದರು. ಎಸೆಯುವುದಕ್ಕೆ ಮನಸ್ಸು ಬರಲಿಲ್ಲವಂತೆ. ಹೊಸದಾಗಿ ಕರು ಹಾಕಿದ್ದ ಹಸುವಿನ ಬೂಸಾದಲ್ಲಿ ಕಲಸಿದರಂತೆ.

ಹಸು ಸಾಕುವವರಿಗೆ ಇದು ಗೊತ್ತಿರುವ ವಿಷಯ. ಹೆಚ್ಚು ಹಾಲು ಕೊಡುವ ಹಸು ಕರು ಹಾಕಿದ ಮೇಲೆ ಕ್ಯಾಲ್ಸಿಯಂ ಸಾಲದೆ ಕುಸಿದು ಬೀಳುತ್ತದೆ. ಅದಕ್ಕೇ ಎಲ್ಲರ ಕೊಟ್ಟಿಗೆಯಲ್ಲೂ ಅದರ ಬಾಟಲಿ ಇರುತ್ತದೆ.

“ಅಸಕ್ಕೆ ಬೇಕು ಅಂತ ಗೊತ್ತಾಯ್ತು ನಿಂಗೆ” ಎಂದ ಮಂಜು. ಜಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಮಾತ್ರೆ ತಿಂದಿದ್ದರೆ ಈ ಕಾಯಿಲೆ ಬರುತ್ತಲೇ ಇರಲಿಲ್ಲ ಎಂದು ತಾನು ಹೇಳಲಾರೆ ಎಂದರು ಡಾಕ್ಟರಮ್ಮ. ಎಲ್ಲ ಸರಿಯಾಗಿ ತಿಂದವರಿಗೂ ಬರುವುದುಂಟು. ಆದರೆ ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವ ಬಸುರಿಯರು ಮಾತ್ರೆ ತೆಗೆದುಕೊಂಡರೆ ಈ ಅಪಾಯ ಕಡಿಮೆಯಾಗುತ್ತದೆ, ಇವಳಿಗೆ ರಾಗಿಯೂ ಇಲ್ಲ, ಹಾಲೂ ಇಲ್ಲ, ಮಾತ್ರೆಯೂ ಇಲ್ಲವಲ್ಲ ಎಂದರು. ನನಗೆ ಆ ಹೆಂಗಸಿನ ಮೇಲೆ ನಂಬಿಕೆ ಗಟ್ಟಿಯಾದದ್ದು ಈ ಮಾತಿನಿಂದ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವವರು ಈಗ ಎಲ್ಲಿ ಸಿಗುತ್ತಾರೆ?

ಉಂಗುರವನ್ನು ಅಲ್ಲಿಯೇ ಜಯಮ್ಮನ ಕೈಗೆ ಕೊಟ್ಟೆ. ಅಷ್ಟು ಅಳುವಿನಲ್ಲೂ ಆಯಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿ ಸೆರಗಿಗೆ ಗಂಟು ಹಾಕಿಕೊಂಡರು. ಮಾರನೆಯ ವಾರ ಬೇರೆ ಅಂಗಡಿಯಲ್ಲಿ ತೂಗಿಸಿದರು ಎಂದೂ ನನ್ನ ಕಿವಿಗೆ ಬಿತ್ತು. ಬೇಸರವಾಗಲಿಲ್ಲ. ನಾನಾಗಿದ್ದರೂ ತೂಗಿಸುತ್ತಿದ್ದೆ.

ಮಗು ಉಳಿಯಿತು. ಕೆಲವು ತಿಂಗಳು ಕಳೆದ ಮೇಲೆ ಅದರ ಕಿವಿ ಚುಚ್ಚಿಸಲು ನನ್ನಲ್ಲಿಗೇ ಕರೆತಂದರು. ಕಪ್ಪಗೆ, ಗುಂಡಗೆ, ಬಲು ಗಟ್ಟಿಗಿತ್ತಿ. ಕರಿಘಟ್ಟಕ್ಕೆ ಹೋಗಿ ಹರಕೆ ಒಪ್ಪಿಸಿ ಬಂದಿದ್ದರು. ಸೊಸೆಗೆ ಈಗ ದಿನವೂ ಮುದ್ದೆ, ತಾನೇ ಎದುರು ಕೂತು ಹಾಲು ಕುಡಿಸುತ್ತೇನೆ ಎಂದು ಜಯಮ್ಮ ಡಂಗುರ ಹೊಡೆದರು. ನಂಬಲೋ ಬೇಡವೋ ಎಂದು ನಾನು ಪವಿತ್ರಾಳ ಮುಖ ನೋಡಿದೆ. ಅವಳು ನಕ್ಕಳು. ಜಯಮ್ಮ ಪಕ್ಕದ ಅಂಗಡಿಯಿಂದ ಬಾಳೆಹಣ್ಣು ತರಲು ಇಳಿದರು. ಏನೋ ಮಾತಿಗೆ ನಾನು, ಅವತ್ತು ನೀವು ಉಂಗುರಕ್ಕೆಂದು ಬಾರದಿದ್ದರೆ ಏನು ಗತಿಯಾಗುತ್ತಿತ್ತಮ್ಮ, ನಿನ್ನ ಅದೃಷ್ಟ ದೊಡ್ಡದು ಎಂದೆ.

ಪವಿತ್ರಾ ಬೀದಿಯ ಕಡೆ ಒಂದು ಸಲ ನೋಡಿ, ದನಿ ತಗ್ಗಿಸಿದಳು.

“ಅದೃಷ್ಟ ಅಲ್ಲ ಅಣ್ಣ. ತಲೆ ಸಿಡೀತದೆ, ಕಣ್ ಮಂಜಾಯ್ತದೆ ಅಂತ ಎಲ್ಲಾರ್ಗೂ ಹೇಳ್ದೆ, ಮನೀಕೋ ಓಗು ಅಂದ್ರು. ಉಂಗ್ರ ಕಚ್ಕೊಂಡದೆ, ಇಂಗೇ ಬುಟ್ರೆ ಉಂಗ್ರಾನೇ ಕುಯ್ಬೇಕಾಯ್ತದೆ ಅಂದೆ. ಆಗ ಆಟೋ ಕರುದ್ರು.”

ಕಿವಿ ಚುಚ್ಚಬೇಕಾಗಿದ್ದ ಸೂಜಿ ನನ್ನ ಕೈಯಲ್ಲೇ ಇತ್ತು. ಎದುರಿಗೆ ಬರುವವರ ಕೈ, ಚೀಲ, ಮಾತು ಎಲ್ಲವನ್ನೂ ಅನುಮಾನಿಸುವ ನನಗೆ ಈ ಹುಡುಗಿಯ ಬಗ್ಗೆ ಮಾತ್ರ ಏನೂ ಅನ್ನಿಸಿರಲಿಲ್ಲ. ಅವಳು ಉಂಗುರ ತೋರಿಸಲು ಬಂದವಳಲ್ಲ. ಯಾರಾದರೂ ತನ್ನ ಕಡೆ ನೋಡಲಿ ಎಂದು ಬಂದವಳು. ನಾನು ನೋಡಿದ್ದು ಮೊದಲು ಉಂಗುರವನ್ನೇ.